ಬೇರೆ ಕೈ ಸೋಕದ ಮೀನು

ಹೇಳಬೇಕಾದ ಮಾತು ಒಂದೇ ವಾಕ್ಯದ್ದು. ಹಲ್ಲುಜ್ಜುವಾಗ ಅದನ್ನು ಒಂದು ಸಲ, ಕೆನ್ನೆಗೆ ಸೋಪು ಹಚ್ಚಿಕೊಳ್ಳುವಾಗ ಎರಡು ಸಲ, ಕನ್ನಡಿಯೊಳಗಿನ ಮುಖಕ್ಕೆ ಹೇಳಿ ನೋಡಿದ್ದ. 'ಸಾಯಂಕಾಲ ಕ್ಲಬ್ಬಿನಲ್ಲಿ ನೀನು ಗಾಳದ ಕೋಲು ಹಿಡಿದ ವಿಷಯ ಎತ್ತಬೇಡ.' ಕನ್ನಡಿಯ ಮುಖ ಮರುಮಾತಿಲ್ಲದೆ ಒಪ್ಪಿಕೊಂಡಿತು. ಅದಕ್ಕೇನು, ಅದು ಅವನದೇ ಮುಖ. ಒಪ್ಪಬೇಕಾದ ಮುಖ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಮೇಲೆ ಬಾಗಿತ್ತು. ಯಾವುದೋ ಲಾಡ್ಜಿನ ಹದಿನಾಲ್ಕು ಕಿಟಕಿಗಳ ಪರದೆಗಳಲ್ಲಿ ಒಂಬತ್ತನೆಯದು ಅವಳ ಮಡಿಲಿನಿಂದ ಇಳಿದು ಬಾಗಿಲತನಕ ನೆಲದ ಮೇಲೆ ಹರಡಿತ್ತು. ಅವಳು ಗುನುಗುತ್ತಿದ್ದಳು. ಹದಿಮೂರು ದಿನಗಳಿಂದ ಗುನುಗುತ್ತಿದ್ದಾಳೆ, ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳಿಗೆ ಇಷ್ಟೊಂದು ಹಾಡು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅವನು ಹೋಗಿ ಬಾಗಿಲಲ್ಲಿ ನಿಂತ. ಮಿಷನ್ನು ನಿಂತಿತು. "ಏನ್ರೀ, ಏನಾದ್ರೂ ಬೇಕಿತ್ತಾ?" "ಟವೆಲ್ಲು," ಎಂದ. "ಹೆಗಲ ಮೇಲೇ ಇದೆಯಲ್ಲ!" ಎಂದು ನಕ್ಕಳು. ಕುಂಬಳಕಾಯಿ ಕಳ್ಳನ ಹಾಗೆ ಅವನು ಹೆಗಲು ಮುಟ್ಟಿ ನೋಡಿಕೊಂಡ. ಅವಳು ಇನ್ನಷ್ಟು ನಕ್ಕಳು, ಮಿಷನ್ನು ಮತ್ತೆ ಓಡಿತು. ಮಂಚದ ಮೇಲೆ ಸಾಯಂಕಾಲಕ್ಕೆಂದು ಇಸ್ತ್ರಿ ಮಾಡಿಟ್ಟ ಅವನ ಬಿಳಿ ಅಂಗಿ, ಅದರ ಪಕ್ಕದಲ್ಲಿ ಮದುವೆಗಿದುವೆಗೆ ಮಾತ್ರ ಪೆಟ್ಟಿಗೆಯಿಂದ ಹೊರಬರುವ ಅವಳ ನೀಲಿ ಬಟ್ಟೆ, ಎರಡೂ ಗಂಡಹೆಂಡಿರಂತೆ ಅಕ್ಕಪಕ್ಕ ಮಲಗಿದ್ದವು. ಅದನ್ನು ಕಂಡು ಅವನಿಗೆ ಸಂಕಟವಾಯಿತು.

ಕ್ಲಬ್ಬಿನ ನಿಯಮ ಮಗುವಿಗೂ ಅರ್ಥವಾಗುವಂಥದ್ದು. ಮೀನು ಗಾಳ ಕಚ್ಚಿದ ಕ್ಷಣದಿಂದ ದಡಕ್ಕೆ ಬರುವ ತನಕ ಕೋಲಿಗಾಗಲಿ, ರೀಲಿಗಾಗಲಿ, ದಾರಕ್ಕಾಗಲಿ ಬೇರೆ ಕೈ ಸೋಕಬಾರದು. ಸೋಕಿದರೆ ಮೀನು ಎಷ್ಟು ದೊಡ್ಡದಿದ್ದರೂ ಲೆಕ್ಕಕ್ಕಿಲ್ಲ. ತಿನ್ನುವುದಕ್ಕಾಗಿ ಅಲ್ಲಿ ಯಾರೂ ಹಿಡಿಯುವುದಿಲ್ಲ. ಹಿಡಿದು, ಒದ್ದೆ ಬಟ್ಟೆಯ ಮೇಲೆ ಮಲಗಿಸಿ, ಅಳತೆ ಪಟ್ಟಿ ಇಟ್ಟು ಫೋಟೋ ತೆಗೆದು, ಮತ್ತೆ ನೀರಿಗೆ ಬಿಡುತ್ತಾರೆ. ಉಳಿಯುವುದು ಫೋಟೋ ಮತ್ತು ಅಳತೆ. ಎಲ್ಲರೂ ಬೆನ್ನಟ್ಟುವುದು ಒಂದೇ ಮೀನನ್ನು. ನದಿ ಸಮುದ್ರ ಸೇರುವ ಕಡೆ ಬಂಡೆಯ ನೆರಳಲ್ಲಿ ಹೊಂಚು ಹಾಕಿ ನಿಂತು, ಹತ್ತಿರ ಸುಳಿದದ್ದನ್ನು ಒಂದೇ ಗುಕ್ಕಿಗೆ ನುಂಗುವ ಮೀನು ಅದು, ಕ್ಲಬ್ಬಿನವರ ಬಾಯಲ್ಲಿ ಅದರ ಹೆಸರು ದೊಡ್ಡಬಾಯಿ. ಒಂಬತ್ತು ವರ್ಷಗಳಿಂದ ಕ್ಲಬ್ಬಿನ ಗೋಡೆಯ ಮೇಲಿದ್ದ ಅತಿ ದೊಡ್ಡ ದೊಡ್ಡಬಾಯಿ ನೂರ ಹನ್ನೆರಡು ಸೆಂಟಿಮೀಟರಿನದು, ಅದನ್ನು ಹಿಡಿದವರು ಹಲ್ಲಿನ ಡಾಕ್ಟರು. ಅವನಿಗೆ ಸಂಬಳ ಕೊಡುವವರೂ ಅವರೇ. ಇವತ್ತು ಸಂಜೆ ಆ ಫೋಟೋ ಇಳಿಯುತ್ತದೆ, ಇವನ ನೂರ ಹದಿನೇಳು ಸೆಂಟಿಮೀಟರು ಏರುತ್ತದೆ. ಏರುವ ಮೊದಲು, ಕ್ಲಬ್ಬಿನ ವಾಡಿಕೆಯಂತೆ, ಅವನು ಎಲ್ಲರೆದುರು ನಿಂತು 'ಬೇರೆ ಕೈ ಸೋಕಿಲ್ಲ' ಎಂದು ಗಟ್ಟಿಯಾಗಿ ಹೇಳಬೇಕು.

ಕಾಫಿ ಕುಡಿಯುವಾಗ ಹೇಳಿಬಿಡೋಣವೆಂದುಕೊಂಡ. ಅಷ್ಟರಲ್ಲಿ ಅವಳ ತಂಗಿಯ ಫೋನು ಬಂತು. ಅವಳು ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡು, ಅವನ ಲೋಟಕ್ಕೆ ಸಕ್ಕರೆ ಹಾಕುತ್ತ, "ಇವತ್ತೇ ಕಣೇ ಫಂಕ್ಷನ್ನು. ನಿನ್ನ ಭಾವಂಗೆ ರಾತ್ರಿಯೆಲ್ಲ ನಿದ್ದೆ ಇಲ್ಲ," ಎಂದು ಆರಂಭಿಸಿ, ಮುಂದೆ ಅದೇ ಕಥೆಗೆ ಬಂದಳು. ಈ ಹದಿಮೂರು ದಿನಗಳಲ್ಲಿ ಆ ಕಥೆಯನ್ನು ಅವನು ಗೋಡೆಯಾಚೆಯಿಂದ, ಮೆಟ್ಟಿಲ ಮೇಲಿಂದ, ಬಚ್ಚಲಿನೊಳಗಿಂದ ಎಷ್ಟು ಸಲ ಕೇಳಿಸಿಕೊಂಡಿದ್ದನೆಂದರೆ, ಎಲ್ಲಿ ಅವಳು ಉಸಿರು ತೆಗೆದುಕೊಳ್ಳುತ್ತಾಳೆ, ಎಲ್ಲಿ ನಗುತ್ತಾಳೆ ಎಂಬುದೆಲ್ಲ ಅವನಿಗೆ ಬಾಯಿಪಾಠ. "ದಾರ ಬಿಗಿಯಾದ್ರೆ ಬಿಡಬೇಕು, ಸಡಿಲಾದ್ರೆ ಎಳ್ಕೋಬೇಕು. ಅಷ್ಟೇ ಕಣೇ! ನಮ್ಮ ಮಿಷನ್ನಿನ ಥರಾನೇ. ಅಷ್ಟಕ್ಕೆ ಇವ್ರು ಹನ್ನೊಂದು ವರ್ಷ ಭಾನುವಾರ ಭಾನುವಾರ ಹೋಗಿದಾರೆ ನೋಡು." ಹನ್ನೊಂದು ವರ್ಷ ಎಂಬಲ್ಲಿ ಅವಳು ಕಣ್ಣು ಮಿಟುಕಿಸಿ ಅವನನ್ನು ನೋಡಿದಳು. ತಮಾಷೆಗೇ. ಆದರೆ ಗಂಡಸಿಗೆ ಹೆಂಡತಿಯ ತಮಾಷೆ ಎಲ್ಲಿ ನಾಟುತ್ತದೆ ಎನ್ನುವುದು ಹೆಂಡತಿಗೆ ಹೇಗೆ ತಿಳಿಯಬೇಕು. ಕಾಫಿ ಬಿಸಿಯಿತ್ತು, ನಾಲಿಗೆ ಸುಟ್ಟುಕೊಂಡ, ಚಪ್ಪಲಿ ಮೆಟ್ಟಿ ಹೊರಟುಬಿಟ್ಟ.

ಡಾಕ್ಟರ ದವಾಖಾನೆಯ ಹಿಂಬದಿಯ ಕೋಣೆ ಅವನದು. ಕಿಟಕಿಯೊಂದೇ, ಅದರಾಚೆ ಪಕ್ಕದ ಕಟ್ಟಡದ ನೀರಿನ ಪೈಪು. ಮೇಜಿನ ಮೇಲೆ ಮೇಣದ ಹಾಳೆ, ಸ್ಪಿರಿಟ್ ದೀಪ, ಸಣ್ಣ ಚಾಕು, ಪ್ಲಾಸ್ಟರಿನ ಬಟ್ಟಲು. ಕಪಾಟಿನ ತುಂಬ ಊರವರ ದವಡೆಗಳು. ಮುಂದಿನ ಕೋಣೆಯಲ್ಲಿ ಡಾಕ್ಟರು ಬಾಯಿ ತೆರೆಸಿ ಅಚ್ಚು ತೆಗೆಯುತ್ತಾರೆ, ಅಚ್ಚು ಹಿಂದಿನ ಕೋಣೆಗೆ ಬರುತ್ತದೆ. ಇವನು ಪ್ಲಾಸ್ಟರು ಎರೆದು, ಮೇಣದಲ್ಲಿ ಹಲ್ಲು ಕೂರಿಸಿ, ಒಸಡಿಗೆ ಬಣ್ಣ ಹೊಂದಿಸಿ, ಉಜ್ಜಿ ಹೊಳಪಿಟ್ಟು ಮುಂದಕ್ಕೆ ಕಳಿಸುತ್ತಾನೆ. ಜನ ಡಾಕ್ಟರಿಗೆ ಕೈಮುಗಿಯುತ್ತಾರೆ. ಇವನು ಬೀದಿಯಲ್ಲಿ ಹೋಗುವಾಗ ಎದುರಿಗೆ ಬಂದವರ ನಗುವಿನಲ್ಲಿ ತನ್ನ ಕೆಲಸ ಗುರುತಿಸುತ್ತಾನೆ: ಈ ಕೋರೆಹಲ್ಲು ನನ್ನದು, ಈ ಮುಂದಿನ ನಾಲ್ಕು ನನ್ನವು. ಅವರು ಇವನನ್ನು ಗುರುತಿಸುವುದಿಲ್ಲ. ಇಪ್ಪತ್ತು ವರ್ಷಗಳಲ್ಲಿ ಇವನ ಹೆಸರು ಬರೆದ ಒಂದು ಚೂರು ವಸ್ತು ಈ ಊರಿನಲ್ಲಿಲ್ಲ, ಕರೆಂಟ್ ಬಿಲ್ಲಿನ ಹೊರತು. ಡಾಕ್ಟರು ಇವನಿಗಿಟ್ಟ ಹೆಸರು ಹಲ್ಲಯ್ಯ. ಕ್ಲಬ್ಬಿಗೆ ಸೇರಿಸಿದವರೂ ಅವರೇ. ಮೊದಲ ವರ್ಷ ಅವರ ಡಬ್ಬಿ ಹೊತ್ತುಕೊಂಡು ಹಿಂದೆ ನಡೆಯಲು ಒಬ್ಬರು ಬೇಕಿತ್ತು. "ಇವನು ನಮ್ಮ ಹಲ್ಲಯ್ಯ, ಕಚ್ಚಲ್ಲ, ಹೆದರಬೇಡಿ," ಎಂದು ಎಲ್ಲರಿಗೂ ಪರಿಚಯಿಸಿದ್ದರು. ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ. ನಗದೆ ಏನು ಮಾಡುವುದು.

ಇವತ್ತಿನ ಕೆಲಸ ನಿವೃತ್ತ ವಕೀಲರೊಬ್ಬರ ಸೆಟ್ಟು. 'ಸಾಕ್ಷಿ' ಎಂದಾಗ ಸೀಟಿ ಬರುತ್ತದೆಂದು ಅವರು ಅದನ್ನು ಮೂರು ಸಲ ತಿರುಗಿ ಕಳಿಸಿದ್ದರು. ಅವನು ಮೇಣ ಕಾಯಿಸಿ ಮೇಲಿನ ಸಾಲು ಕೂರಿಸತೊಡಗಿದ. ಎಷ್ಟು ಹೊತ್ತು ಅವಳು ಹಿಡಿದಿದ್ದಳು? ಅರ್ಧ ನಿಮಿಷ. ಈ ಅರ್ಧ ನಿಮಿಷವನ್ನು ಅವನು ಮೊದಲನೇ ದಿನವೇ ತೀರ್ಮಾನಿಸಿಕೊಂಡಿದ್ದ. ನಲವತ್ತು ನಿಮಿಷಗಳ ಹೋರಾಟದಲ್ಲಿ ಅರ್ಧ ನಿಮಿಷ ಯಾವ ಮೂಲೆಗೆ? ಕಾಲು ಜಾರಿತು, ಕೋಲು ನೀರಿಗೆ ಬೀಳುವುದರಲ್ಲಿತ್ತು, ಅವಳು ಹಿಡಿದಳು, ಇವನು ಎದ್ದು ಇಸಿದುಕೊಂಡ. ಯಾರ ಹೆಂಡತಿಯಾದರೂ ಹಾಗೆಯೇ ಮಾಡುತ್ತಿದ್ದಳು. ನಿಯಮ ಮಾಡಿದವರ ಮನಸ್ಸಿನಲ್ಲಿದ್ದದ್ದು ಇಂಥದಲ್ಲ, ಬಾಡಿಗೆಯವರನ್ನಿಟ್ಟುಕೊಂಡು ಮೀನು ಹಿಡಿಸುವ ದೊಡ್ಡ ಮನುಷ್ಯರು. ಹೀಗೆ ಅವನೊಳಗೊಬ್ಬ ವಕೀಲ ಸೀಟಿಯಿಲ್ಲದೆ ವಾದಿಸುತ್ತಲೇ ಇದ್ದ. ಬಟ್ಟಲಿನಲ್ಲಿ ಕೆಳದವಡೆಗೆ ಕಲಸಿದ ಪ್ಲಾಸ್ಟರು ಬಿಗಿಯುತ್ತ ಬೆಚ್ಚಗಾಗುತ್ತಿತ್ತು. ಎರೆದದ್ದು ಬೆರಳಿಗೆ ಅಂಟದಷ್ಟು ಆಗಲು ಏಳೆಂಟು ನಿಮಿಷ ಬೇಕು. ಈ ಹೊತ್ತು ಅವನಿಗೆ ಗಡಿಯಾರವಿಲ್ಲದೆ ಗೊತ್ತು, ಕೈಗೆ ಗೊತ್ತು. ಬಂಡೆಗಳ ಸಂದಿನಲ್ಲಿ ಮೊಣಕಾಲ ತನಕ ಸಿಕ್ಕಿಕೊಂಡಿದ್ದ ಕಾಲನ್ನು ಎಳೆಯುತ್ತ, ಅವಳ ಬೆನ್ನು ನೋಡುತ್ತ ಕೂತಿದ್ದಾಗಲೂ ಆ ಕೈ ತನ್ನಷ್ಟಕ್ಕೆ ಹೊತ್ತು ಎಣಿಸಿತ್ತು. ಒಂದು ಪ್ಲಾಸ್ಟರು ಗಟ್ಟಿಯಾಗುವಷ್ಟು. ಅರ್ಧ ನಿಮಿಷವಲ್ಲ.

"ಇವತ್ತು ನೀವೇ ಹೀರೋ ಅಂತೆ," ಎಂದು ನರ್ಸಮ್ಮ ಬಾಗಿಲಲ್ಲಿ ಇಣುಕಿದಳು. ಹೊಸ ಅಚ್ಚಿನ ತಟ್ಟೆ ಮೇಜಿನ ಮೇಲಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಿಮ್ಮ ಮನೆಯವರು ಫೋನಲ್ಲಿ ಎಲ್ಲಾ ಹೇಳಿದ್ರು. ನೀವು ದಬಕ್ಕಂತ ಬಿದ್ರಂತೆ?"

"ಬಿದ್ದಿಲ್ಲ. ಸ್ವಲ್ಪ ಜಾರಿದೆ."

"ಅವ್ರೂ ಬಂದಿದ್ರಂತಲ್ಲ. ಡಾಕ್ಟರಿಗೆ ಅದೇ ಹೇಳ್ತಿದ್ದೆ ಈಗ, ಗಂಡಹೆಂಡ್ತಿ ಜೋಡಿಯಾಗಿ ಮೀನು ಬೇಟೆ ಅಂತ."

"ಡಾಕ್ಟರು ಏನಂದ್ರು?"

"ಏನಿಲ್ಲ. 'ಹೌದಾ' ಅಂದ್ರು." ಅವಳು ಮೇಜಿನ ಮೇಲೆ ಬಾಗಿ ನೋಡಿದಳು. "ಅಲ್ರೀ, ಈ ಹಲ್ಲು ಉಲ್ಟಾ ಇಲ್ವಾ?"

ನಿಜ. ಎಡಗಡೆಯ ಕೋರೆಹಲ್ಲನ್ನು ಬಲಗಡೆ ಕೂರಿಸಿದ್ದ. ಕಲಿಯುವ ಕಾಲದಲ್ಲೂ ಅವನಿಂದ ಆಗಿರದ ತಪ್ಪು. ಅದನ್ನು ಕಿತ್ತ, ಮೇಣ ಹರಿದು ಬಂತು. ನರ್ಸಮ್ಮ ಹೋದ ಮೇಲೆ ಆ 'ಹೌದಾ' ಮಾತ್ರ ಕೋಣೆಯಲ್ಲಿ ಉಳಿಯಿತು. ಡಾಕ್ಟರ 'ಹೌದಾ' ಹಲವು ಥರದ್ದು. ರೋಗಿ ನೋವು ಎಂದಾಗ ಒಂದು, ಇವನು ರಜೆ ಕೇಳಿದಾಗ ಒಂದು. ಕಳೆದ ವಾರ ಕ್ಲಬ್ಬಿನಿಂದ ಸುದ್ದಿ ಬಂದಾಗ ಡಾಕ್ಟರು ಇವನ ಬೆನ್ನು ತಟ್ಟಿ, "ಒಂಬತ್ತು ವರ್ಷ ಆ ಗೋಡೆ ಮೇಲೆ ನನಗೂ ಬೇಜಾರಾಗಿತ್ತು ಬಿಡು," ಎಂದಿದ್ದರು. ಆ ದಿನದಿಂದ ಅವನನ್ನು ಹಲ್ಲಯ್ಯ ಎಂದು ಕರೆದಿರಲಿಲ್ಲ. ಹೆಸರು ಹಿಡಿದು ಕರೆಯುತ್ತಿದ್ದರು. ಇಪ್ಪತ್ತು ವರ್ಷ ಬೇಡವಾಗಿದ್ದ ಹಲ್ಲಯ್ಯ ಹೋದ ಮೇಲೆ, ಆ ಹೆಸರಿನ ಒಳಗೆ ಎಂಥ ಸುಖವಿತ್ತು ಎಂದು ಅವನಿಗೆ ಅನ್ನಿಸುತ್ತಿತ್ತು. ಹಲ್ಲಯ್ಯನನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ಪ್ಲಾಸ್ಟರು ಮೆತ್ತಿದ ಅಂಗಿಯಲ್ಲೇ ಮನೆಗೆ ಹೊರಟ. ಎಂದೂ ಹೀಗೆ ಹೋದವನಲ್ಲ, ಬುತ್ತಿ ಚೀಲ ಮೇಜಿನ ಮೇಲೆ ಹಾಗೆಯೇ ಇತ್ತು. ದಾರಿಯಲ್ಲಿ ನಡೆಯುತ್ತ ವಾಕ್ಯವನ್ನು ತಿದ್ದಿದ. 'ಎತ್ತಬೇಡ' ಒರಟಾಯಿತು, 'ಎತ್ತದಿದ್ದರೆ ಒಳ್ಳೆಯದು'. ಅವಳನ್ನು ಅವತ್ತು ಕರೆದುಕೊಂಡು ಹೋದದ್ದೇ ತಪ್ಪು. ಕರೆದದ್ದೂ ಅಲ್ಲ, ಮುಂಚಿನ ದಿನ ಜಗಳವಾಗಿತ್ತು. ಭಾನುವಾರಗಳೆಲ್ಲ ಆ ಮೀನಿಗೇ, ನನಗೆ ಯಾವ ವಾರ, ಎಂದು ಅವಳು ಕೇಳಿದ್ದಳು. ಸಿಟ್ಟಿನಲ್ಲಿ 'ನೀನೂ ಬಾ ಹಾಗಾದ್ರೆ' ಎಂದಿದ್ದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವಳಲ್ಲ ಅವಳು, ಆದರೆ ಅವತ್ತು ಬೆಳಕು ಹರಿಯುವ ಮೊದಲೇ ಎದ್ದು, ತಲೆಗೆ ಬಟ್ಟೆ ಸುತ್ತಿಕೊಂಡು, ಫ್ಲಾಸ್ಕು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಲೆತಡೆಯ ಕಲ್ಲುಗಳ ಮೇಲೆ ಅವನ ಹಿಂದೆ ಹಿಂದೆ ಬಂದಳು. ನೀರು ಇಳಿಯುವ ಹೊತ್ತು, ನದಿಯ ಕೆಂಪು ನೀರು ಸಮುದ್ರದ ಹಸಿರು ನೀರಿನೊಳಗೆ ಗೆರೆ ಕೊರೆದು ಹೋಗುತ್ತಿತ್ತು. ಮರದ ಹುಸಿಮೀನನ್ನು ಗೆರೆಯಾಚೆ ಎಸೆದು ಮೆಲ್ಲಗೆ ಎಳೆಯುತ್ತಿದ್ದ. "ಮಾತಾಡಬಹುದಾ?" ಎಂದು ಅವಳು ಪಿಸುಗುಟ್ಟಿದಳು. "ಬೇಡ" ಎಂದ. ಅಷ್ಟರಲ್ಲಿ ಕೈಗೆ ಆ ಪೆಟ್ಟು ಬಂತು.

ಅದು ಮೊದಲ ಸಲ ನೀರಿನಿಂದ ಮೇಲೆದ್ದಾಗ ಇಡೀ ದೇಹ ಹೊರಗೆ ಬಂದು, ಬಾಯಿ ಅಗಲಿಸಿ, ತಲೆಯನ್ನು ಎಡಕ್ಕೂ ಬಲಕ್ಕೂ ಜಾಡಿಸಿತು, ಕಿವಿರಿನ ಮುಚ್ಚಳ ಬಡಿದ ಸದ್ದು ದಡಕ್ಕೆ ಕೇಳಿಸಿತು. ಹನ್ನೊಂದು ವರ್ಷಗಳಲ್ಲಿ ಅಂಥದನ್ನು ಅವನು ಕಂಡಿರಲಿಲ್ಲ. ಅವನಿಗೆ ಹೆದರಿಕೆಯಾಯಿತು. ಇದನ್ನು ಅವನು ಯಾರಿಗೂ ಹೇಳಿಲ್ಲ: ಮೀನು ಸಿಕ್ಕ ಸಂತೋಷವಲ್ಲ, ಕಳೆದುಕೊಳ್ಳುತ್ತೇನಲ್ಲ ಎಂಬ ಹೆದರಿಕೆ. ದೋಣಿ ಕಟ್ಟುವ ಹಳೆಯ ಜೆಟ್ಟಿಯ ಕಂಬಗಳ ಕಡೆಗೆ ಅದು ಓಡಿತು. ಅಲ್ಲಿ ಕಂಬದ ಮೈತುಂಬ ಚಿಪ್ಪುಗಳು, ದಾರ ತಗುಲಿದರೆ ಕತ್ತರಿ ಹಾಕಿದಂತೆ. ಅವನು ಪಕ್ಕಕ್ಕೆ ಓಡಿ ಎಳೆಯಲು ನೋಡಿದ, ಪಾಚಿಯ ಮೇಲೆ ಕಾಲಿಟ್ಟ, ಬಿದ್ದ. ಬೀಳುತ್ತ ಅವನು ಕೂಗಿದ ಮಾತು 'ಹಿಡ್ಕೋ'. ಅವಳಾಗಿ ಹಿಡಿದದ್ದಲ್ಲ. ಇವನೇ ಕೂಗಿದ: "ಹಿಡ್ಕೋ! ಬಿಡಬೇಡ ಕಣೇ, ಬಿಡಬೇಡ!"

ಮನೆಯ ಬಾಗಿಲು ತೆರೆದೇ ಇತ್ತು. ಅವಳು ಹದಿಮೂರನೆಯ ಪರದೆಯ ಅಂಚು ಮಡಿಸುತ್ತಿದ್ದಳು. ಇಷ್ಟು ಹೊತ್ತಿಗೇಕೆ ಬಂದಿರಿ, ಮೈ ಹುಷಾರಿಲ್ಲವೇ ಎಂದು ಎದ್ದಳು. ಕೂತ್ಕೋ ಎಂದ. ಕೂತಳು. ಅವನು ನಿಂತೇ, ಕಿಟಕಿಯ ಕಡೆ ನೋಡುತ್ತ, ದಾರಿಯುದ್ದಕ್ಕೂ ತಿದ್ದಿದ ವಾಕ್ಯವನ್ನು ಬಿಟ್ಟು ಬೇರೇನೋ ಹೇಳಿದ. ಕ್ಲಬ್ಬಿನ ನಿಯಮ ಹೇಳಿದ. ಯಾವ ದೇಶದಲ್ಲೂ ಇದೇ ನಿಯಮ ಎಂದ. ನಾನು ಮಾಡಿದ್ದಲ್ಲ ಎಂದ. ಅವಳು ಸೂಜಿಗೆ ದಾರ ಪೋಣಿಸುವಾಗಿನ ಹಾಗೆ ಕಣ್ಣು ಕಿರಿದು ಮಾಡಿ ಕೇಳುತ್ತಿದ್ದಳು.

"ಅಂದ್ರೆ, ನಾನು ಮುಟ್ಟಿದ್ದಕ್ಕೆ ಮೀನು ಕೆಟ್ಟೋಯ್ತಾ?"

"ಕೆಡೋದಲ್ಲ ಕಣೇ. ಲೆಕ್ಕಕ್ಕೆ ಬರಲ್ಲ."

"ಓ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನಿ." ನಕ್ಕಳು. ಅವನಿಗೆ ಜೀವ ಬಂದಂತಾಯಿತು, ಅವನೂ ನಕ್ಕ. ಅವಳು ಮಡಿಲಿನ ಪರದೆಯನ್ನು ಬೆರಳಿನಿಂದ ನೀವಿದಳು. "ಮೊದಲೇ ಹೇಳ್ಬಾರ್ದಿತ್ತಾ ರೀ. ಊರಿಗೆಲ್ಲ ಡಂಗುರ ಹೊಡ್ಕೊಂಡು ಬಂದೆನಲ್ಲ."

"ನಿನ್ನ ತಂಗಿಗೆ ಹೇಳಿದ್ದು ಪರವಾಗಿಲ್ಲ. ಕ್ಲಬ್ಬಲ್ಲಿ ಯಾರಾದ್ರೂ ಕೇಳಿದ್ರೆ..."

"ಕೇಳಿದ್ರೆ?"

"ಸುಮ್ಮನೆ ದೂರದಲ್ಲಿ ಕೂತಿದ್ದೆ ಅನ್ನು."

ಅವಳು ತಲೆಯಾಡಿಸಿದಳು. ಮಾತು ಮುಗಿಯಿತು. ಇಷ್ಟೇನಾ, ಇಷ್ಟಕ್ಕೆ ಹದಿಮೂರು ದಿನ ಬೇಕಾಯಿತಾ ಎಂದು ಅವನು ನೀರು ಕುಡಿಯಲು ಒಳಗೆ ಹೋಗುವಾಗ ಹಿಂದಿನಿಂದ ಅವಳ ದನಿ ಬಂತು. ದೂರು ಹೇಳುವ ದನಿಯಲ್ಲ, ಏನನ್ನೋ ನೆನೆಸಿಕೊಂಡು ತನಗೆ ತಾನೇ ಹೇಳಿಕೊಳ್ಳುವ ದನಿ. "ನನಗೆ ಅವತ್ತು ಯಾಕಷ್ಟು ಖುಷಿಯಾಗಿತ್ತು ಗೊತ್ತಾ? ಮೀನಿಗಲ್ಲ. ನೀವು ಕಾಲು ಬಿಡಿಸ್ಕೊಂಡು ಎದ್ದ ಮೇಲೂ ಕೋಲು ಇಸ್ಕೊಳ್ಳಲಿಲ್ಲ. ನಾನು ಓರೆಗಣ್ಣಲ್ಲಿ ನೋಡ್ದೆ, ನನ್ನ ಪಕ್ಕದಲ್ಲೇ ನಿಂತಿದ್ರಿ, ಎಷ್ಟೋ ಹೊತ್ತು. ಇವಳು ಮಾಡ್ಲಿ, ಇವಳ ಕೈಲಾಗುತ್ತೆ ಅಂತ ನಂಬಿ ನನಗೇ ಬಿಟ್ರಲ್ಲ. ಅಷ್ಟು ದೊಡ್ಡದನ್ನ. ಅದಕ್ಕೆ."

ಲೋಟ ಹಿಡಿದು ಅವನು ನಲ್ಲಿಯ ಮುಂದೆ ನಿಂತ. ನೀರು ತುಂಬಿ ಕೈಮೇಲೆ ಹರಿಯಿತು. ಇದನ್ನು ಅವಳು ನೋಡಿದ್ದಳೆಂದು ಅವನಿಗೆ ಗೊತ್ತಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ತಾನೇ ನೋಡದಿದ್ದರೆ ಅದು ಇಲ್ಲವೆಂದು ಇಷ್ಟು ದಿನ ಇದ್ದುಬಿಟ್ಟಿದ್ದ. ಕಾಲು ಬಿಟ್ಟಿದ್ದು ಬೇಗನೇ. ಎದ್ದು ಅವಳ ಪಕ್ಕಕ್ಕೆ ಬಂದಾಗ ಮೀನು ಕಂಬದಿಂದ ಎರಡು ಮಾರು ದೂರದಲ್ಲಿತ್ತು, ಅವಳ ಹೆಬ್ಬೆರಳು ರೀಲಿನ ಮೇಲೆ ಮೆಲ್ಲಗೆ ಒತ್ತಿ ಬಿಟ್ಟು ಒತ್ತಿ ಬಿಟ್ಟು ಅದನ್ನು ತಿರುಗಿಸುತ್ತಿತ್ತು. ಕೈ ಚಾಚಿದರೆ ಕೋಲು ಸಿಗುತ್ತಿತ್ತು. ಅವನು ಚಾಚಲಿಲ್ಲ. ತಾನು ಹಿಡಿದರೆ ಹೋಗಿಬಿಡುತ್ತದೆ, ಅವಳು ಹಿಡಿದರೆ ಉಳಿಯುತ್ತದೆ ಎಂದು ಅವನ ಕೈಗೆ ಗೊತ್ತಿತ್ತು. ಹೋಗುವುದಾದರೆ ಅವಳ ಕೈಯಿಂದಲೇ ಹೋಗಲಿ ಎಂದೂ ಮನಸ್ಸಿನ ಮೂಲೆಯಲ್ಲಿತ್ತು, ಆಮೇಲೆ ಜನ್ಮವಿಡೀ ಹೇಳಿಕೊಳ್ಳಲು ಒಂದು ನೆಪ ಸಿಗುತ್ತದಲ್ಲ. ಮೀನು ಸೋತು, ಬದಿಗೆ ಹೊರಳಿ, ಬೆಳ್ಳಗಿನ ಹೊಟ್ಟೆ ತೋರಿಸಿದ ಮೇಲೆ ಅವನು 'ಕೊಡು ಇಲ್ಲಿ' ಎಂದು ಕಿತ್ತುಕೊಂಡ. ಆಮೇಲೆ ದಡಕ್ಕೆ ಎಳೆಯುವುದು ಯಾರಾದರೂ ಮಾಡಬಹುದಾದ ಕೆಲಸ. ಆ ಹೊತ್ತಿಗೆ ಏಡಿ ಹಿಡಿಯುವವನೊಬ್ಬ ಬುಟ್ಟಿ ಹೊತ್ತು ಬಂದ. ಅವನ ಕೈಗೆ ಫೋನು ಕೊಟ್ಟು, ಇವನು ಮೀನನ್ನು ಎದೆಗಪ್ಪಿಕೊಂಡು ನಿಂತ. ಒದ್ದೆ ಬಟ್ಟೆ ಹಿಡಿದು ಅವಳು ಪಕ್ಕಕ್ಕೆ ಬಂದು ನಿಂತಳು, ಫೋಟೋಕ್ಕೆ. "ಸ್ವಲ್ಪ ಆಚೆ ಸರಿ," ಎಂದಿದ್ದ. ಅವಳು ಸರಿದಿದ್ದಳು.

ನಂಬಿಕೆಯಲ್ಲ ಕಣೇ ಅದು, ಪುಕ್ಕಲುತನ. ಇದನ್ನು ಈಗ ಹೇಳಬೇಕು ಎನ್ನಿಸಿತು. ಎಲ್ಲವನ್ನೂ ಹೇಳಿ, ಮಧ್ಯಾಹ್ನವೇ ಕ್ಲಬ್ಬಿನ ಮೇಷ್ಟ್ರಿಗೆ ಫೋನು ಮಾಡಿ, ಫೋಟೋ ಏರಿಸಬೇಡಿ, ಬೇರೆ ಕೈ ಸೋಕಿದೆ ಎಂದುಬಿಡುವುದು. ಎಷ್ಟು ಹಗುರ. ಅವನು ಆ ಹಗುರವನ್ನು ಲೋಟದ ನೀರು ಕುಡಿಯುವಷ್ಟು ಹೊತ್ತು ಅನುಭವಿಸಿದ. ಆಮೇಲೆ ಡಾಕ್ಟರು ಮತ್ತೆ 'ನಮ್ಮ ಹಲ್ಲಯ್ಯ' ಎನ್ನುವುದು, ಕ್ಲಬ್ಬಿನವರು ಹೆಂಡತಿ ಹಿಡಿದ ಮೀನು ಎಂದು ನಗುವುದು, ಆ ಗೋಡೆಯ ಮೇಲೆ ಇನ್ನೊಂದು ಒಂಬತ್ತು ವರ್ಷ ನೂರ ಹನ್ನೆರಡು ಸೆಂಟಿಮೀಟರು ಹಲ್ಲು ಕಿರಿಯುವುದು, ಎಲ್ಲ ಒಂದರ ಹಿಂದೊಂದು ಬಂದವು. "ನಾಲ್ಕೂವರೆಗೆ ರೆಡಿಯಾಗಿರು," ಎಂದು ಹೇಳಿ ಹೊರಟ. ಅವಳು ಗುನುಗುತ್ತಿರಲಿಲ್ಲ. ಮಿಷನ್ನಿನ ಸದ್ದು ಮಾತ್ರ ತಿರುವಿನ ತನಕ ಕೇಳಿಸುತ್ತಿತ್ತು.

ಕ್ಲಬ್ಬೆಂದರೆ ಬಂದರಿನ ಹಳೆಯ ಉಗ್ರಾಣದ ಮೇಲಂತಸ್ತಿನ ಉದ್ದನೆಯ ಕೋಣೆ. ಮೂವತ್ತು ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ಬಿಸ್ಕತ್ತಿನ ತಟ್ಟೆ, ಚಹಾದ ಕೊಳಗ. ಡಾಕ್ಟರ ಫೋಟೋ ಆಗಲೇ ಇಳಿದಿತ್ತು, ಅದಿದ್ದ ಜಾಗದಲ್ಲಿ ಗೋಡೆ ಚೌಕವಾಗಿ ಬೆಳ್ಳಗಿತ್ತು. ಇವನ ಫೋಟೋ ಮೇಜಿಗೊರಗಿ ನಿಂತಿತ್ತು. ಕೆಳಗೆ ಹಿತ್ತಾಳೆ ಪಟ್ಟಿಯಲ್ಲಿ ಹೆಸರು, ಅಳತೆ, ತಾರೀಖು. ಹೆಸರನ್ನು ಅಷ್ಟು ಆಳವಾಗಿ ಕೊರೆದದ್ದನ್ನು ಅವನು ಎಂದೂ ಕಂಡಿರಲಿಲ್ಲ. ಬೆರಳಿನಿಂದ ಮುಟ್ಟಬೇಕೆನಿಸಿತು, ಜನರಿದ್ದಾರೆಂದು ಬಿಟ್ಟ. ನೀಲಿ ಬಟ್ಟೆಯಲ್ಲಿ ಅವಳು ಮುಂದಿನ ಸಾಲಿನಲ್ಲಿ ಕೂತಿದ್ದಳು, ಮಡಿಲಲ್ಲಿ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡು. ದಾಖಲೆ ಪುಸ್ತಕ ನೋಡಿಕೊಳ್ಳುವ ಮೇಷ್ಟ್ರು, ನಿವೃತ್ತಿಯಾಗಿ ಹದಿನೈದು ವರ್ಷವಾದರೂ ತರಗತಿಯಲ್ಲಿರುವಂತೆಯೇ ಮಾತಾಡುವವರು, ಎದ್ದು ನಿಂತು ಮೀನಿನ ಗುಣಗಾನ ಮಾಡಿದರು. ಕ್ಲಬ್ಬಿನ ಮೊದಲ ಬಿದಿರು ಕೋಲನ್ನು ತಂದು ಅವನ ಕೈಗಿಟ್ಟರು. ಅದನ್ನು ಹಿಡಿದೇ ಆ ಮಾತು ಹೇಳುವುದು ವಾಡಿಕೆ.

"ಒಂದು ನಿಮಿಷ ಮೇಷ್ಟ್ರೇ," ಎಂದರು ಡಾಕ್ಟರು ಕಿಟಕಿಯ ಹತ್ತಿರದ ಕುರ್ಚಿಯಿಂದ. ಕೈಯಲ್ಲಿ ಚಹಾದ ಕಪ್ಪು. ಮುಖದ ತುಂಬ ನಗು, ಅದು ಅವರ ಸ್ವಂತ ಹಲ್ಲಿನ ನಗು. "ಇವನ ಯಜಮಾನಿಯವರನ್ನೂ ಒಂದು ಮಾತು ಕೇಳೋಣ. ಅವರೂ ಅಲ್ಲಿದ್ರಂತೆ, ನಮ್ಮ ನರ್ಸು ಹೇಳ್ತಿದ್ಲು. ಗಂಡ ಹೇಳೋ ಕಥೆ ನಾವು ಎಷ್ಟೋ ಕೇಳಿದೀವಿ. ಹೆಂಡ್ತಿ ಕಣ್ಣಾರೆ ಕಂಡಿದ್ದು ಹೇಳಲಿ. ಏನಮ್ಮಾ, ಹೇಗಿತ್ತು?"

ಎಲ್ಲರೂ ಅವಳ ಕಡೆ ತಿರುಗಿದರು, ಕುರ್ಚಿಗಳು ಕಿರ್ರೆಂದವು. ಅವನು ಕೋಲು ಹಿಡಿದು ನಿಂತಿದ್ದ. ಈಗ ಹೇಳುತ್ತಾಳೆ, ದೂರದಲ್ಲಿ ಕೂತಿದ್ದೆ ಎಂದು. ಹೇಳಿದ ಮೇಲೆ ಡಾಕ್ಟರು ಇನ್ನೊಂದು ಕೇಳುತ್ತಾರೆ: ಬಿದ್ದಾಗ ಕೋಲು ಎಲ್ಲಿತ್ತು? ಅಲ್ಲಿಂದ ಇನ್ನೊಂದು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಅಂಗಡಿಯವನ ಹತ್ತಿರ ಬಟ್ಟೆ ಅರ್ಧ ಗಜ ಹೆಚ್ಚಾಗಿ ಬಂದರೆ ತಿರುಗಿ ಕೊಟ್ಟು ಬರುವವಳು. ತಾನೇ ಹೇಳಿಬಿಡಬೇಕು, ಈಗಲೇ, ಅವಳು ಬಾಯಿ ತೆರೆಯುವ ಮೊದಲು. ಹಿತ್ತಾಳೆಯ ಪಟ್ಟಿ ಕಣ್ಣಿಗೆ ಬಿತ್ತು.

"ಇಲ್ಲ ಡಾಕ್ಟ್ರೇ," ಎಂದಳು ಅವಳು. "ನಾನು ಹೋಗಿರ್ಲಿಲ್ಲ."

"ಹೋಗಿರ್ಲಿಲ್ವಾ?"

"ಇಲ್ಲ. ಮನೇಲೇ ಇದ್ದೆ. ಪರದೆ ಹೊಲೀತಿದ್ದೆ, ತುಂಬ ಅರ್ಜೆಂಟಿತ್ತು. ಇವ್ರು ಬಂದು ಹೇಳಿದ್ದನ್ನೇ ನಾನು ಕಂಡಹಾಗೆ ಎಲ್ಲರಿಗೂ ಹೇಳ್ಕೊಂಡು ತಿರುಗಿದೆ. ನರ್ಸಮ್ಮಂಗೂ ಹಾಗೇ ಹೇಳ್ಬಿಟ್ಟೆ." ಸ್ವಲ್ಪ ನಕ್ಕಳು, ತನ್ನ ಮೇಲೆ ತಾನೇ ನಗುವಂತೆ. "ಬಡಾಯಿ."

ಕೋಣೆಯೆಲ್ಲ ನಕ್ಕಿತು. ಅದು ಒಳ್ಳೆಯ ನಗು, ಹೆಂಗಸಿನ ಚಿಕ್ಕ ಬಡಾಯಿಯನ್ನು ಮನ್ನಿಸುವ ದೊಡ್ಡ ಮನಸ್ಸಿನ ನಗು. ಡಾಕ್ಟರೂ ನಕ್ಕು, ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಅವಳ ಕಿವಿಗಳು ಕೆಂಪಾಗಿದ್ದವು, ಮಡಿಲಿನ ಕೈಗಳು ಅಲುಗಲಿಲ್ಲ. ಅವನಿಗೆ ಕಣ್ಣಲ್ಲಿ ನೀರು ಬಂತು, ಅದನ್ನು ಎಲ್ಲರೂ ಸಂತೋಷದ್ದೆಂದುಕೊಂಡರು. ಈಗಲೂ ಹೇಳಬಹುದಿತ್ತು. ಹೇಳಿದರೆ ಅವಳು ಎಲ್ಲರೆದುರು ಸುಳ್ಳಿ ಆಗುತ್ತಾಳೆ ಎಂದು ಒಳಗಿನ ವಕೀಲ ಕೂಡಲೇ ಎದ್ದು ನಿಂತ. ಎಂಥ ಅನುಕೂಲದ ವಾದ. ಅವನು ಅದನ್ನು ಹಿಡಿದುಕೊಂಡ. "ಹೇಳಪ್ಪಾ," ಎಂದರು ಮೇಷ್ಟ್ರು. "ಬೇರೆ ಕೈ ಸೋಕಿಲ್ಲ," ಎಂದ. ದನಿ ನಡುಗಲೇ ಇಲ್ಲ. ಚಪ್ಪಾಳೆ ತಟ್ಟಿದವರಲ್ಲಿ ಅವಳೂ ಇದ್ದಳು. ಆಮೇಲೆ ಚಹಾ ಕುಡಿಯುತ್ತ ಅವಳು ಮೇಷ್ಟ್ರ ಜೊತೆ ಕ್ಲಬ್ಬಿನ ಕಿಟಕಿಗಳಿಗೆ ಎಂಥ ಪರದೆ ಹಾಕಿದರೆ ಉಪ್ಪುಗಾಳಿಗೆ ತಡೆಯುತ್ತದೆ ಎಂದು ಮಾತಾಡುವುದು ಕೇಳಿಸಿತು. ಮೇಷ್ಟ್ರು ಮುಂದಿನ ವಾರ ಬಂದು ಅಳತೆ ತೆಗೆದುಕೊಂಡು ಹೋಗಿ ಎಂದರು. ಅವನ ಸುತ್ತ ಜನ ಸೇರಿದ್ದರು. ಒಬ್ಬರು ಅವನ ಅಂಗೈ ತಿರುಗಿಸಿ ನೋಡಿ, ಇದು ಕಣ್ರಯ್ಯ ಕೈ ಅಂದರೆ ಎಂದರು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಅವಳು ಕಿಟಕಿಯ ಪಕ್ಕ ಕೂತಳು. ಹೊರಗೆ ದೀಪಗಳು ಹತ್ತಿಕೊಳ್ಳುತ್ತಿದ್ದವು, ಅಂಗಡಿಯವರು ಬಾಗಿಲ ಮುಂದೆ ನೀರು ಚಿಮುಕಿಸುತ್ತಿದ್ದರು. ಎರಡು ಸ್ಟಾಪು ದಾಟಿದವು. ಥ್ಯಾಂಕ್ಸ್ ಎನ್ನುವ ಅಭ್ಯಾಸ ಅವರಿಬ್ಬರ ನಡುವೆ ಇರಲಿಲ್ಲ. ಅಂಥದೇನನ್ನೋ ಹೇಳಬೇಕಿತ್ತು, ಅದಕ್ಕಿಂತ ಹೆಚ್ಚಿನದು, ಮಧ್ಯಾಹ್ನ ನಲ್ಲಿಯ ಮುಂದೆ ನಿಂತು ನುಂಗಿದ್ದು. ಇಲ್ಲಿ ಯಾರೂ ಇಲ್ಲ. ಡಾಕ್ಟರಿಲ್ಲ, ಮೇಷ್ಟ್ರಿಲ್ಲ, ಗೋಡೆಯಿಲ್ಲ. ಅವನು ಅವಳ ಕೈಯ ಮೇಲೆ ಕೈಯಿಟ್ಟು, ಹತ್ತಿರಕ್ಕೆ ಬಾಗಿ ಹೇಳಿದ.

"ಅವತ್ತು ನೀನು ಹಿಡಿದೇ ಇದ್ದಿದ್ರೆ ಆ ಮೀನು ನನಗೆ ಸಿಕ್ತಾನೇ ಇರ್ಲಿಲ್ಲ ಕಣೇ. ನಾನು ಪಕ್ಕದಲ್ಲಿ ನಿಂತಿದ್ದು..."

"ಎಲ್ಲಿ?" ಎಂದಳು.

ಅವಳು ಇವನ ಕಡೆ ತಿರುಗಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ತಮಾಷೆಯಿರಬೇಕೆಂದು ಅವನು ಅವಳ ನಗುವಿಗಾಗಿ ಕಾದ. ಅದು ಬರಲಿಲ್ಲ.

"ಅಲೆತಡೆ ಹತ್ರ. ನೀನು ಕೋಲು ಹಿಡಿದಾಗ."

"ನಾನೆಲ್ಲಿ ಬಂದಿದ್ದೆ ರೀ," ಎಂದಳು ಅವಳು. ಅವನ ಕೈಯ ಕೆಳಗಿಂದ ತನ್ನ ಕೈ ತೆಗೆದು ಚೀಲ ಎತ್ತಿಕೊಂಡಳು. "ಮನೇಲಿದ್ನಲ್ಲ. ಏಳಿ, ನಮ್ಮ 
ಸ್ಟಾಪು ಬಂತು."